ವೋಟು ಹಾಕಿ ದೇಶ ಬಿಡಬಹುದಾ?

ಪ್ರಶ್ನೆ: ಟೆಕ್ಸಾಸ್ ಬೇರೆ ದೇಶವಾಗಬೇಕು ಅಂತ ಅಮೆರಿಕದಲ್ಲಿ ಕೆಲವರು ಆಗಾಗ ಹೇಳುತ್ತಿರುತ್ತಾರೆ. ಒಕ್ಕೂಟಕ್ಕೆ ಸೇರುವಾಗಲೇ ಅದು ಬಿಟ್ಟು ಹೋಗುವ ಹಕ್ಕನ್ನು ಉಳಿಸಿಕೊಂಡಿತ್ತಂತೆ, ನಿಜವಾ? ತಾನಾಗಿ ಬಂದು ಸೇರಿದ ರಾಜ್ಯ, ಜನರ ವೋಟು ಪಡೆದು ತಾನಾಗಿ ಹೋಗಬಹುದಲ್ವಾ?

ಉತ್ತರ: ಇಲ್ಲ. ಟೆಕ್ಸಾಸ್‌ಗೆ ಅಂಥ ಹಕ್ಕು ಯಾವತ್ತೂ ಇರಲಿಲ್ಲ. 1836ರಿಂದ 1845ರವರೆಗೆ ಅದು ಸ್ವತಂತ್ರ ದೇಶವಾಗಿತ್ತು ಅನ್ನುವುದೇನೋ ನಿಜ. ಆದರೆ 1845ರಲ್ಲಿ ಸೇರಿಸಿಕೊಳ್ಳುವಾಗ ಅಮೆರಿಕದ ಸಂಸತ್ತು ಮಾಡಿದ ನಿರ್ಣಯದಲ್ಲಿ ಇದ್ದದ್ದು ಬೇರೆ ಮಾತು. ಟೆಕ್ಸಾಸ್‌ನ ನೆಲದಲ್ಲಿ ಮುಂದೆ ಇನ್ನೂ ನಾಲ್ಕು ರಾಜ್ಯಗಳವರೆಗೆ ಮಾಡಿಕೊಳ್ಳಬಹುದು ಅಂತ ಅದರಲ್ಲಿತ್ತು. ಅಂದರೆ ಒಕ್ಕೂಟದ ಒಳಗೇ ಇದ್ದು ಒಡೆದುಕೊಳ್ಳುವ ಅವಕಾಶ ಅದು. ಜನ ಅದನ್ನು ಹೊರಗೆ ಹೋಗುವ ಹಕ್ಕು ಅಂತ ಹೇಳಿಕೊಂಡು ಬಂದರು.

ಬಿಡುವ ಹಕ್ಕಿದೆಯಾ ಅನ್ನುವುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿದೆ. ಅದೂ ಟೆಕ್ಸಾಸ್‌ನದೇ ಕೇಸಿನಲ್ಲಿ. ತಮಾಷೆಯೆಂದರೆ ಜಗಳ ನಡೆದದ್ದು ಸ್ವಾತಂತ್ರ್ಯಕ್ಕಲ್ಲ, ಬಾಂಡ್‌ಗಳಿಗೆ. ಗಡಿಯಾಚೆಯ ಒಂದಷ್ಟು ಜಮೀನಿನ ಮೇಲಿನ ಹಕ್ಕನ್ನು ಟೆಕ್ಸಾಸ್ 1850ರಲ್ಲಿ ಬಿಟ್ಟುಕೊಟ್ಟಿತು. ಅದಕ್ಕೆ ಬದಲಾಗಿ ಕೇಂದ್ರ ಸರ್ಕಾರ ಅದಕ್ಕೆ ಬಾಂಡ್‌ಗಳನ್ನು ಕೊಟ್ಟಿತ್ತು. ರಾಜ್ಯಪಾಲರ ಸಹಿ ಇಲ್ಲದೆ ಅವನ್ನು ಯಾರಿಗೂ ಮಾರುವಂತಿರಲಿಲ್ಲ. 1860–61ರಲ್ಲಿ ದಕ್ಷಿಣದ ಹನ್ನೊಂದು ರಾಜ್ಯಗಳು ಬೇರೆಯಾದೆವು ಅಂತ ಘೋಷಿಸಿ ಯುದ್ಧ ಶುರುವಾದಾಗ, ಟೆಕ್ಸಾಸ್‌ನ ಬಂಡಾಯ ಸರ್ಕಾರ ಆ ನಿಯಮವನ್ನೇ ತೆಗೆದುಹಾಕಿ, ಹತ್ತಿ ಹಿಂಜುವ ಸಾಮಾನು ಮತ್ತು ಔಷಧಿ ತಂದುಕೊಡಿ ಅಂತ ವೈಟ್ ಮತ್ತು ಚೈಲ್ಸ್ ಅನ್ನುವ ಇಬ್ಬರಿಗೆ ಒಂದಷ್ಟು ಬಾಂಡ್ ಕೊಟ್ಟುಬಿಟ್ಟಿತು. ಯುದ್ಧ ಮುಗಿಯಿತು, ಹೊಸ ಸರ್ಕಾರ ಬಂತು, ಬಾಂಡ್ ವಾಪಸ್ ಕೊಡಿಸಿ ಅಂತ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು.

ಎದುರು ಕಡೆಯವರ ವಾದ ಚೆನ್ನಾಗಿತ್ತು. ಹೀಗೆ ನೇರವಾಗಿ ಬರುವ ಹಕ್ಕಿರುವುದು ಒಕ್ಕೂಟದ ರಾಜ್ಯಕ್ಕೆ. ನೀವು ಬಿಟ್ಟು ಹೋದವರು. ಈಗಲೂ ನಿಮ್ಮನ್ನು ಆಳುತ್ತಿರುವುದು ಸೇನೆ, ಸಂಸತ್ತಿನಲ್ಲಿ ನಿಮ್ಮವರು ಒಬ್ಬರೂ ಇಲ್ಲ. ನೀವು ಯಾವ ಸೀಮೆಯ ರಾಜ್ಯ?

ಇದಕ್ಕೆ ಉತ್ತರ ಕೊಡದೆ ಕೋರ್ಟು ಮುಂದೆ ಹೋಗುವಂತಿರಲಿಲ್ಲ. 1869ರ ಏಪ್ರಿಲ್‌ನಲ್ಲಿ ತೀರ್ಪು ಬಂತು, 5–3ರ ಬಹುಮತದಲ್ಲಿ. ಬರೆದವರು ಮುಖ್ಯ ನ್ಯಾಯಮೂರ್ತಿ ಸಾಲ್ಮನ್ ಚೇಸ್. ಇವರೇ ಯುದ್ಧದ ಕಾಲದಲ್ಲಿ ಲಿಂಕನ್ನರ ಹಣಕಾಸು ಕಾರ್ಯದರ್ಶಿಯಾಗಿದ್ದವರು! ಒಕ್ಕೂಟ ಅಳಿಯುವಂಥದ್ದಲ್ಲ, ರಾಜ್ಯಗಳೂ ಅಳಿಯುವಂಥವಲ್ಲ, ಟೆಕ್ಸಾಸ್ ಬಿಟ್ಟು ಹೋಗಿಯೇ ಇಲ್ಲ, ಬಿಟ್ಟೆ ಅಂದ ಆ ಘೋಷಣೆ ಕಾನೂನಿನ ದೃಷ್ಟಿಯಲ್ಲಿ ಬರೀ ಕಾಗದ ಅಂದರು. ಬಾಂಡ್ ಟೆಕ್ಸಾಸ್‌ಗೆ ಸಿಕ್ಕಿತು. ಒಪ್ಪದ ನ್ಯಾಯಮೂರ್ತಿ ಗ್ರೀರ್, ಇದನ್ನು ನಡೆದ ರಾಜಕೀಯ ನೋಡಿ ತೀರ್ಮಾನಿಸಬೇಕು, ಕಾನೂನಿನ ಕಲ್ಪನೆ ಇಟ್ಟುಕೊಂಡಲ್ಲ ಅಂದರು. ಆರು ಲಕ್ಷಕ್ಕೂ ಜಾಸ್ತಿ ಸೈನಿಕರು ಸತ್ತ ಮೇಲೆ 'ಯಾರೂ ಹೋಗಿಯೇ ಇಲ್ಲ' ಅನ್ನುವುದು ಸ್ವಲ್ಪ ವಿಚಿತ್ರವೇ. ಗ್ರೀರ್ ಮಾತಿನಲ್ಲಿ ಹುರುಳಿತ್ತು ಅಂತ ನನಗೂ ಅನಿಸುತ್ತದೆ.

ಆದರೆ ಚೇಸ್ ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಕ್ರಾಂತಿಯಿಂದ ಆಗಬಹುದು, ಇಲ್ಲವೇ ರಾಜ್ಯಗಳ ಒಪ್ಪಿಗೆಯಿಂದ ಆಗಬಹುದು ಅಂತ ಒಂದೇ ಸಾಲು ಸೇರಿಸಿದ್ದಾರೆ. ಕ್ರಾಂತಿಯನ್ನು ಯಾವ ಕಾನೂನೂ ಕಾಯುವುದಿಲ್ಲ, ಹಾಗಾಗಿ ಉಳಿದದ್ದು ಒಪ್ಪಿಗೆ. ನಿಮ್ಮ ಕೊನೇ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ದೇಶ ಅನ್ನುವುದು ರಾಜೀನಾಮೆ ಬರೆದುಕೊಟ್ಟು ಎದ್ದು ಹೋಗುವ ಸಂಘವಲ್ಲ. ಸೇರುವಾಗ ಎರಡೂ ಕಡೆಯವರು ಒಪ್ಪಿದ್ದರು, ಹೋಗುವಾಗ ಮಾತ್ರ ಒಂದೇ ಕಡೆ ಸಾಕು ಅಂದರೆ ಹೇಗೆ?

ಪ್ರಶ್ನೆ: ಹಾಗಾದರೆ ಜನಮತಗಣನೆಗೆ ಬೆಲೆಯೇ ಇಲ್ಲವಾ? ಬಹುಮತ ಬಂದರೂ ಸುಮ್ನೆ ಕೂರಬೇಕಾ?

ಉತ್ತರ: ಬೆಲೆ ಇದೆ, ಆದರೆ ಅಷ್ಟರಿಂದಲೇ ಕೆಲಸ ಆಗುವುದಿಲ್ಲ. ಪಶ್ಚಿಮ ಆಸ್ಟ್ರೇಲಿಯಾ ನೋಡಿ. 1933ರ ಏಪ್ರಿಲ್‌ನಲ್ಲಿ ಅಲ್ಲಿನ ಮೂವರಲ್ಲಿ ಇಬ್ಬರು ಬೇರೆಯಾಗೋಣ ಅಂತ ವೋಟು ಹಾಕಿದರು. ಅದೇ ದಿನ ನಡೆದ ಚುನಾವಣೆಯಲ್ಲಿ, ಜನಮತಗಣನೆ ಏರ್ಪಡಿಸಿದ ಸರ್ಕಾರವನ್ನೇ ಸೋಲಿಸಿ, ಬೇರೆಯಾಗುವುದು ಬೇಡ ಅನ್ನುತ್ತಿದ್ದ ಲೇಬರ್ ಪಕ್ಷವನ್ನು ಗೆಲ್ಲಿಸಿದರು! ಜನರ ಮನಸ್ಸು ಓದುವುದು ಅಷ್ಟು ಸುಲಭವಲ್ಲ. ಮನವಿ ಲಂಡನ್ನಿಗೆ ಹೋಯಿತು. ಇಡೀ ಆಸ್ಟ್ರೇಲಿಯಾ ಕೇಳದೆ ನಾವು ಇದನ್ನು ಮುಟ್ಟುವಂತಿಲ್ಲ ಅಂತ ಬ್ರಿಟಿಷ್ ಸಂಸತ್ತಿನ ಸಮಿತಿ 1935ರಲ್ಲಿ ಕೈತೊಳೆದುಕೊಂಡಿತು.

ಈ ವಿಷಯದಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಕೆನಡಾದ ದಾರಿ. ಅಲ್ಲಿನ ಕ್ವಿಬೆಕ್ ಪ್ರಾಂತ್ಯದಲ್ಲಿ ಬೇರೆಯಾಗುವ ಬಗ್ಗೆ ನಡೆದ 1995ರ ಜನಮತಗಣನೆ ಕೂದಲೆಳೆಯಲ್ಲಿ ಬಿದ್ದುಹೋಯಿತು: ಬೇಡ ಶೇ. 50.58, ಬೇಕು ಶೇ. 49.42. ಕೇಳಿದ ಪ್ರಶ್ನೆಯೂ ನೇರವಾಗಿರಲಿಲ್ಲ. ಕೆನಡಾದ ಜೊತೆ ಹೊಸ ಪಾಲುದಾರಿಕೆಗೆ ಪ್ರಸ್ತಾಪ ಇಟ್ಟ ಮೇಲೆ ಸಾರ್ವಭೌಮವಾಗಲು ಒಪ್ಪುತ್ತೀರಾ ಅನ್ನುವ ಧಾಟಿಯ ಉದ್ದನೆಯ ಪ್ರಶ್ನೆ. ಗಾಬರಿಯಾದ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿತು. 1998ರಲ್ಲಿ ಕೋರ್ಟು, ಕ್ವಿಬೆಕ್ ತನ್ನಷ್ಟಕ್ಕೆ ತಾನೇ ಬಿಟ್ಟು ಹೋಗುವಂತಿಲ್ಲ ಅಂತ ಹೇಳಿತು. ಅಲ್ಲಿಗೇ ನಿಲ್ಲಿಸಲಿಲ್ಲ. ಸ್ಪಷ್ಟವಾದ ಪ್ರಶ್ನೆಗೆ ಸ್ಪಷ್ಟವಾದ ಬಹುಮತ ಬಂದರೆ ಉಳಿದ ಕೆನಡಾ ಕಿವಿ ಮುಚ್ಚಿಕೊಂಡು ಕೂರುವಂತಿಲ್ಲ, ಮಾತುಕತೆಗೆ ಬರಲೇಬೇಕು ಅಂತಲೂ ಹೇಳಿತು. ಸ್ಪಷ್ಟ ಬಹುಮತ ಅಂದರೆ ಎಷ್ಟು? ಅಂಕಿ ಕೊಡಲಿಲ್ಲ, ರಾಜಕಾರಣಿಗಳಿಗೇ ಬಿಟ್ಟಿತು. 2000ದಲ್ಲಿ ಬಂದ ಕಾನೂನಿನಲ್ಲೂ ಅಂಕಿ ಇಲ್ಲ, ಕೇಂದ್ರದ ಕೆಳಮನೆಯೇ ತೂಗಿ ನೋಡುತ್ತದೆ.

ಸ್ಪೇನ್ ಇದಕ್ಕೆ ಪೂರ್ತಿ ಉಲ್ಟಾ. ದೇಶದ ಏಕತೆ ಒಡೆಯಲಾಗದ್ದು ಅಂತ ಅಲ್ಲಿನ ಸಂವಿಧಾನದ ಎರಡನೇ ವಿಧಿಯಲ್ಲೇ ಇದೆ. ಕೋರ್ಟು ತಡೆದಿದ್ದರೂ ಅಲ್ಲಿನ ಕ್ಯಾಟಲೋನಿಯಾ ಪ್ರಾಂತ್ಯ ಬೇರೆಯಾಗುವ ಬಗ್ಗೆ 2017ರ ಅಕ್ಟೋಬರ್ 1ರಂದು ವೋಟು ಹಾಕಿಸಿತು. ಒಂಬತ್ತು ನಾಯಕರಿಗೆ 9ರಿಂದ 13 ವರ್ಷ ಜೈಲು ಶಿಕ್ಷೆಯಾಯಿತು, 2021ರಲ್ಲಿ ಕ್ಷಮಾದಾನ ಸಿಕ್ಕಿತು.

ಪ್ರಶ್ನೆ: ಬಿಟ್ಟು ಹೋಗುವ ಹಕ್ಕನ್ನು ಸಂವಿಧಾನದಲ್ಲೇ ಬರೆದಿಟ್ಟ ದೇಶ ಯಾವುದಾದರೂ ಇದೆಯಾ?

ಉತ್ತರ: ಇವೆ, ಬೆರಳೆಣಿಕೆಯಷ್ಟು. ಇಥಿಯೋಪಿಯಾದ 1995ರ ಸಂವಿಧಾನದ 39ನೇ ವಿಧಿ ಹಾಗೆ ಹೇಳುತ್ತದೆ. ಕೆರಿಬಿಯನ್‌ನ ಸೇಂಟ್ ಕಿಟ್ಸ್ ಮತ್ತು ನೆವಿಸ್‌ನಲ್ಲಿ ಪುಟ್ಟ ನೆವಿಸ್ ದ್ವೀಪಕ್ಕೂ ಆ ಅವಕಾಶ ಇದೆ. ಅದು 1998ರಲ್ಲಿ ಪ್ರಯತ್ನವನ್ನೂ ಮಾಡಿತು. ಸುಮಾರು ಶೇ. 62ರಷ್ಟು ಮಂದಿ ಹೌದು ಅಂದರು, ಬೇಕಿದ್ದದ್ದು ಮೂರರಲ್ಲಿ ಎರಡು ಭಾಗ. ಕೈತಪ್ಪಿತು.

ಸೋವಿಯತ್ ಒಕ್ಕೂಟದ್ದು ಇನ್ನೊಂದು ಕಥೆ. ಪ್ರತಿ ಗಣರಾಜ್ಯಕ್ಕೂ ಬಿಡುವ ಹಕ್ಕಿದೆ ಅಂತ 72ನೇ ವಿಧಿಯಲ್ಲಿ ಬರೆದಿದ್ದರು, ಬಿಡುವುದು ಹೇಗೆ ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. ಲಿಥುವೇನಿಯಾ 1990ರ ಮಾರ್ಚ್‌ನಲ್ಲಿ ನಾವು ಸ್ವತಂತ್ರರು ಅಂದಾಗ ಎಚ್ಚೆತ್ತು, ಮರುತಿಂಗಳೇ ಕಾನೂನು ತಂದರು. ಮೂರರಲ್ಲಿ ಎರಡು ಭಾಗ ವೋಟು, ಐದು ವರ್ಷದವರೆಗೆ ಕಾಯುವಿಕೆ, ಸೋತರೆ ಇನ್ನು ಹತ್ತು ವರ್ಷ ಕೇಳುವ ಹಾಗಿಲ್ಲ. ಹೋಗುವುದಕ್ಕೆ ದಾರಿ ಅನ್ನುವುದಕ್ಕಿಂತ ಹೋಗದಂತೆ ಹಾಕಿದ ಬೇಲಿ ಅದು. ಮರುವರ್ಷದ ಡಿಸೆಂಬರ್‌ನಲ್ಲಿ ಒಕ್ಕೂಟವೇ ಇಲ್ಲವಾಯಿತು.

ಪ್ರಶ್ನೆ: ಭಾರತದಲ್ಲಿ?

ಉತ್ತರ: ಇಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲೇ ಅಂಬೇಡ್ಕರ್ ಇದನ್ನು ಬಿಡಿಸಿ ಹೇಳಿದ್ದಾರೆ: ಈ ಒಕ್ಕೂಟ ರಾಜ್ಯಗಳು ಕೂತು ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ್ದಲ್ಲ, ಹಾಗಾಗಿ ಬಿಡುವ ಹಕ್ಕೂ ಯಾವ ರಾಜ್ಯಕ್ಕಿಲ್ಲ. 3ನೇ ವಿಧಿಯ ಪ್ರಕಾರ ರಾಜ್ಯಗಳ ಗಡಿ, ಹೆಸರು ಬದಲಿಸುವ ಅಧಿಕಾರವೂ ಸಂಸತ್ತಿನದೇ. ಬೇರೆ ದೇಶಕ್ಕೆ ನೆಲ ಬಿಟ್ಟುಕೊಡಬೇಕಾದರೆ ಸಂವಿಧಾನವನ್ನೇ ತಿದ್ದಬೇಕು. ಬಾಂಗ್ಲಾದೇಶದ ಜೊತೆ ಜಾಗ ಬದಲಾಯಿಸಿಕೊಳ್ಳಲು 2015ರಲ್ಲಿ 100ನೇ ತಿದ್ದುಪಡಿ ತಂದದ್ದು ಅದಕ್ಕೇ.

ಪ್ರಶ್ನೆ: ಎಲ್ಲರೂ ಒಪ್ಪಿದರು ಅಂತಲೇ ಇಟ್ಟುಕೊಳ್ಳೋಣ. ಸಾಲ, ಆಸ್ತಿ, ದುಡ್ಡು ಏನಾಗುತ್ತದೆ?

ಉತ್ತರ: ಅಸಲಿ ಜಗಳ ಶುರುವಾಗುವುದೇ ಅಲ್ಲಿ. ಚೆಕೊಸ್ಲೊವಾಕಿಯಾ 1993ರ ಜನವರಿ 1ರಂದು ಒಂದು ತೊಟ್ಟು ರಕ್ತ ಹರಿಯದೆ ಎರಡಾಯಿತು. ಜನಮತಗಣನೆಯನ್ನೂ ಮಾಡಲಿಲ್ಲ, ನಾಯಕರೇ ಮಾತಾಡಿ ಮುಗಿಸಿದರು. ಕಟ್ಟಡ, ರಸ್ತೆ ಎಲ್ಲಿದ್ದವೋ ಅಲ್ಲಿಯವರಿಗೆ. ಉಳಿದದ್ದನ್ನು ಬಹುಪಾಲು ಜನಸಂಖ್ಯೆ ನೋಡಿ 2:1ರಂತೆ ಹಂಚಿಕೊಂಡರು. ಕರೆನ್ಸಿ ಮಾತ್ರ ಕೆಲವು ತಿಂಗಳು ಒಂದೇ ಇರಲಿ ಅಂದುಕೊಂಡಿದ್ದರು. ಹಣ ಸ್ಲೊವಾಕಿಯಾದಿಂದ ಚೆಕ್ ಕಡೆಗೆ ಹರಿಯತೊಡಗಿ, ಫೆಬ್ರವರಿ 8ಕ್ಕೇ ಬೇರೆ ಮಾಡಬೇಕಾಯಿತು. ಹೊಸ ನೋಟು ಸಾಕಷ್ಟು ತಯಾರಿರಲಿಲ್ಲ. ಹಳೇ ನೋಟುಗಳಿಗೇ ಎರಡೂ ಕಡೆಯವರು ತಮ್ಮ ತಮ್ಮ ಸ್ಟಾಂಪು ಅಂಟಿಸಿ ಕೊಟ್ಟರು.

2014ರಲ್ಲಿ ಸ್ಕಾಟ್ಲೆಂಡಿಗೂ ಲಂಡನ್ ಒಪ್ಪಿಗೆ ಕೊಟ್ಟೇ ಜನಮತಗಣನೆ ನಡೆಯಿತು. ಪ್ರಚಾರದ ಉದ್ದಕ್ಕೂ ಕಾಡಿದ ಪ್ರಶ್ನೆ, ಬೇರೆಯಾದ ಮೇಲೂ ಪೌಂಡ್ ನಮ್ಮದಾಗಿರುತ್ತದಾ ಅನ್ನುವುದು. ಜಂಟಿ ಕರೆನ್ಸಿ ಸಾಧ್ಯವಿಲ್ಲ ಅಂತ ಬ್ರಿಟನ್ ಹಣಕಾಸು ಸಚಿವರು ಮೊದಲೇ ಹೇಳಿಬಿಟ್ಟಿದ್ದರು. ಶೇ. 55ರಷ್ಟು ಜನ ಬೇಡ ಅಂದರು. ಮತ್ತೊಮ್ಮೆ ನಾವೇ ನಡೆಸುತ್ತೇವೆ ಅಂತ ಸ್ಕಾಟ್ಲೆಂಡ್ ಹೊರಟಾಗ, ಲಂಡನ್ ಒಪ್ಪದೆ ಆ ಅಧಿಕಾರ ನಿಮಗಿಲ್ಲ ಅಂತ 2022ರ ನವೆಂಬರ್‌ನಲ್ಲಿ ಬ್ರಿಟನ್ ಸುಪ್ರೀಂ ಕೋರ್ಟು ಹೇಳಿತು.