1998ರ ಔಟ್‌ಬ್ಯಾಕ್: ಗ್ಯಾಸ್ಕೆಟ್ ಬದಲಿಸುವುದೋ, 2.2 ಲೀಟರ್ ಎಂಜಿನ್ ಕೂರಿಸುವುದೋ?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಗಾಡಿ 1998ರ ಸುಬಾರು ಲೆಗಸಿ ಔಟ್‌ಬ್ಯಾಕ್, ಉತ್ತರ ಅಮೆರಿಕದ ಮಾರುಕಟ್ಟೆಯದು, 2.5 ಲೀಟರ್ ಎಂಜಿನ್, ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಪೇಟೆಯೊಳಗೆ ಓಡಿಸುವಾಗ ತೊಂದರೆಯಿಲ್ಲ, ಹೆದ್ದಾರಿಯ ಉದ್ದನೆಯ ಏರಿನಲ್ಲಿ ಮಾತ್ರ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಕಡೆಗೆ ಹೋಗುತ್ತದೆ. ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಮುಚ್ಚಳ ಬದಲಿಸಿದರೂ ಗುಣ ಕಂಡಿಲ್ಲ. ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಸಿಲಿಂಡರ್ ಹೆಡ್ಡಿಗೂ ನಡುವಿನ ಸೀಲು) ಬದಲಿಸಬೇಕೋ, ಅದೇ ಮಾದರಿಯ ಹಳೆಯ ಎಂಜಿನ್ ತರಬೇಕೋ, ಇಲ್ಲವೇ 2.2 ಲೀಟರಿನ ಎಂಜಿನ್ ಕೂರಿಸಬೇಕೋ ಎಂಬುದು ನಿಮ್ಮ ಗೊಂದಲ.

ಇದಕ್ಕೆ ಉತ್ತರ ಗ್ಯಾಸ್ಕೆಟ್ಟಿನಲ್ಲಿ ಸಿಗುವುದಿಲ್ಲ. ಈ ಎಂಜಿನ್ ಇದುವರೆಗೆ ಎಷ್ಟು ಸಲ ಅತಿಯಾಗಿ ಬಿಸಿಯಾಗಿದೆ ಮತ್ತು ಬಿಸಿಯಾದ ಮೇಲೂ ಎಷ್ಟು ದೂರ ಓಡಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೊದಲು ರೋಗವನ್ನು ಖಚಿತಪಡಿಸಿಕೊಳ್ಳಿ, ಅನಂತರ ಈ ಲೆಕ್ಕ ಹಾಕಿ.

ನಿಮ್ಮಲ್ಲಿರುವುದು ಇಜೆ25ಡಿ, ಅಂದರೆ ಪ್ರತಿ ಹೆಡ್ಡಿಗೆ ಎರಡು ಕ್ಯಾಮ್‌ಶಾಫ್ಟ್ (ವಾಲ್ವುಗಳನ್ನು ತೆರೆಯುವ ದಂಡ) ಇರುವ ಎಂಜಿನ್. ಇದರ ಗ್ಯಾಸ್ಕೆಟ್ ಸಾಮಾನ್ಯವಾಗಿ ಒಳಗಡೆಗೆ ಸೋರುತ್ತದೆ. ಉರಿದ ಅನಿಲ ಸಿಲಿಂಡರಿನಿಂದ ನೇರವಾಗಿ ಕೂಲಂಟಿಗೆ ನುಗ್ಗುತ್ತದೆ. ಇದರ ನಂತರ ಬಂದ, ಒಂದೇ ಕ್ಯಾಮಿನ ಇಜೆ251 ಮುಂತಾದ ಎಂಜಿನ್ನುಗಳಲ್ಲಿ ಸೋರಿಕೆ ಹೆಚ್ಚಾಗಿ ಹೊರಗಡೆಗೆ, ಹೆಡ್ಡಿನ ಕೆಳ ಅಂಚಿನಲ್ಲಿ ಆಯಿಲ್ ಅಥವಾ ಕೂಲಂಟಿನ ಒದ್ದೆಯಾಗಿ ಕಾಣಿಸಿಕೊಳ್ಳುತ್ತದೆ. ಈ ಎರಡನ್ನೂ ಒಂದೇ ಕಾಯಿಲೆಯೆಂದು ಬೆರೆಸಿ ಸಲಹೆ ಕೊಡುವವರು ಬಹಳ ಮಂದಿ ಇದ್ದಾರೆ. ಆ ಎರಡನೆಯ ಬಗೆಯ ಸೋರಿಕೆಗಾಗಿ ಸುಬಾರು ಕಂಪನಿ ಸೂಚಿಸಿದ ಕೂಲಂಟ್ ಕಂಡೀಷನರ್ ದ್ರವವನ್ನು ನಿಮ್ಮ ಎಂಜಿನ್ನಿಗೆ ಸುರಿದರೆ ಏನೂ ಪ್ರಯೋಜನವಾಗುವುದಿಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಒಂದು ಏರನ್ನು ಹತ್ತಿ ಬಂದು, ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ ಓವರ್‌ಫ್ಲೋ ಡಬ್ಬಿಯೊಳಗೆ ಟಾರ್ಚ್ ಹಾಕಿ ನೋಡಿ. ಕೊಳವೆಯ ಬಾಯಿಯಿಂದ ಸಣ್ಣ ಗುಳ್ಳೆಗಳು ಬಿಡುವಿಲ್ಲದೆ ಏಳುತ್ತಿದ್ದರೆ, ಡಬ್ಬಿಯ ಗೋಡೆಗೆ ಬೆರಳಿಗೆ ಅಂಟುವ ಕಪ್ಪು ಜಿಡ್ಡು ಹತ್ತಿದ್ದರೆ, ಎಂಜಿನ್ ತಣಿದ ಮೇಲೂ ಡಬ್ಬಿ ತುಂಬಿಯೇ ಇದ್ದು ರೇಡಿಯೇಟರಿನಲ್ಲಿ ಕೂಲಂಟ್ ಇಳಿದಿದ್ದರೆ, ಬೇರೆ ಸಾಕ್ಷಿ ಬೇಡ. ಅನುಮಾನ ಉಳಿದರೆ ನೀಲಿ ದ್ರವದ ರಾಸಾಯನಿಕ ಪರೀಕ್ಷೆ ಮಾಡಿಸಿ. ಅನಿಲ ತಾಗಿದರೆ ದ್ರವ ಹಳದಿಗೆ ತಿರುಗುತ್ತದೆ. ಆಯಿಲ್ ಹಾಲಿನಂತೆ ಬೆಳ್ಳಗಾಗಿಲ್ಲ, ಕಂಪ್ರೆಷನ್ ಸರಿಯಾಗಿದೆ ಎಂಬ ಕಾರಣಕ್ಕೆ ಗ್ಯಾಸ್ಕೆಟ್ ಚೆನ್ನಾಗಿದೆಯೆಂದು ತೀರ್ಮಾನಿಸಬೇಡಿ. ಈ ಎಂಜಿನ್ನಿನಲ್ಲಿ ಆಯಿಲ್ಲೂ ಕೂಲಂಟೂ ಬೆರೆಯುವುದು ಅಪರೂಪ, ಮತ್ತು ಸೋರಿಕೆಯ ಆರಂಭದಲ್ಲಿ ಕಂಪ್ರೆಷನ್ ಅಂಕಿಗಳು ಸರಿಯಾಗಿಯೇ ಬರುತ್ತವೆ.

ಗ್ಯಾಸ್ಕೆಟ್ಟೇ ಕಾರಣವೆಂದು ಗೊತ್ತಾದ ಮೇಲೆ ನಿಜವಾದ ಪ್ರಶ್ನೆ ಬರುತ್ತದೆ. ಅತಿಯಾದ ಬಿಸಿಯಲ್ಲಿ ಆಯಿಲ್ ತೆಳುವಾಗಿ ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳು ಸವೆಯುತ್ತವೆ, ಆದರೆ ಅವು ಆಗಲೇ ಸದ್ದು ಮಾಡುವುದಿಲ್ಲ. ಹೊಸ ಗ್ಯಾಸ್ಕೆಟ್ ಹಾಕಿ, ಹೆಡ್ ನಯಗೊಳಿಸಿ, ಬೆಲ್ಟು, ಪಂಪು ಎಲ್ಲವನ್ನೂ ಬದಲಿಸಿದ ಕೆಲವು ತಿಂಗಳ ಮೇಲೆ ಅಡಿಯಿಂದ ಟಕಟಕ ಎಂಬ ನಾಕಿಂಗ್ ಶುರುವಾಗಿ ಇಡೀ ಎಂಜಿನ್ ಕೈಕೊಡುವುದು ಇಜೆ25ಡಿ ಮಟ್ಟಿಗೆ ಹೊಸ ಕಥೆಯೇನಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂಥ ಖರ್ಚು ಅದು. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಮುಳ್ಳು ಮೇಲೇರಿದ ತಕ್ಷಣ ಪ್ರತಿ ಸಲವೂ ನೀವೇ ಗಾಡಿ ನಿಲ್ಲಿಸಿದ್ದೀರಿ, ಹಿಂದಿನ ಮಾಲೀಕರ ಕಾಲದಲ್ಲಿ ಹೀಗಾಗಿರಲಿಲ್ಲ ಎಂಬುದು ಖಚಿತವಿದ್ದರೆ ಗ್ಯಾಸ್ಕೆಟ್ ಬದಲಿಸಿ. ಆ ಖಚಿತತೆ ಇಲ್ಲದಿದ್ದರೆ, ಅಥವಾ ಒಮ್ಮೆಯಾದರೂ ಕೆಂಪು ಗೆರೆ ದಾಟಿ ಓಡಿಸಿದ್ದರೆ, ಈ ಬ್ಲಾಕಿಗೆ ಹಣ ಹಾಕಬೇಡಿ. ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ, ಅದರ ಕಾಗದದ ಮಡಿಕೆಗಳನ್ನು ಬಿಸಿಲಿನಲ್ಲಿ ಬಿಡಿಸಿ ನೋಡಿ. ಲೋಹದ ಮಿನುಗು ಕಂಡರೆ ಅಲ್ಲಿಗೆ ಚರ್ಚೆ ಮುಗಿಯಿತು.

ಗ್ಯಾಸ್ಕೆಟ್ ದಾರಿಯನ್ನೇ ಹಿಡಿಯುವುದಾದರೆ ಎಂಜಿನ್ನನ್ನು ಕೆಳಗಿಳಿಸಿಯೇ ಮಾಡಿ. ಗಾಡಿಯಲ್ಲಿಟ್ಟೇ ಮಾಡಿದವರಿದ್ದಾರೆ, ನಿಜ. ಆದರೆ ಹೆಡ್ಡಿಗೂ ಚಾಸಿಸ್ ಗೋಡೆಗೂ ನಡುವೆ ಇರುವ ಇಕ್ಕಟ್ಟಿನಲ್ಲಿ ಬ್ಲಾಕಿನ ಮುಖವನ್ನು ಚೊಕ್ಕವಾಗಿ ಸ್ವಚ್ಛಗೊಳಿಸುವುದು ಆಗದ ಮಾತು, ಮತ್ತು ಈ ಕೆಲಸದ ಯಶಸ್ಸು ಇರುವುದೇ ಆ ಸ್ವಚ್ಛತೆಯಲ್ಲಿ. ಡ್ರಿಲ್ಲಿಗೆ ಸಿಕ್ಕಿಸುವ ಒರಟು ಉಜ್ಜು ಬಿಲ್ಲೆಗಳನ್ನು ಬ್ಲಾಕಿನ ಹತ್ತಿರ ತರಬೇಡಿ. ಅವುಗಳಿಂದ ಉದುರುವ ಪುಡಿ ಆಯಿಲ್ ದಾರಿಯಲ್ಲಿ ಸೇರಿ ಬೇರಿಂಗ್ ತಿನ್ನುತ್ತದೆ, ಜೊತೆಗೆ ಮೃದುವಾದ ಅಲ್ಯೂಮಿನಿಯಂ ಮೇಲೆ ಕಣ್ಣಿಗೆ ಕಾಣದ ತಗ್ಗುಗಳನ್ನೂ ಮಾಡುತ್ತದೆ. ಹಳೆಯ ಗ್ಯಾಸ್ಕೆಟ್ಟಿನ ಅಂಟನ್ನು ಕರಗಿಸುವ ದ್ರವ, ಹರಿತವಾದ ಬ್ಲೇಡು, ತಾಳ್ಮೆ, ಇವು ಸಾಕು. ಹೆಡ್ಡುಗಳನ್ನು ಮಷಿನ್ ಶಾಪಿಗೆ ಕೊಟ್ಟು ಸಮತಟ್ಟು ಮಾಡಿಸಿ, ಬಿರುಕು ಪರೀಕ್ಷೆ ಮಾಡಿಸಿ. ಗ್ಯಾಸ್ಕೆಟ್ ಹಲವು ಪದರದ ಉಕ್ಕಿನದೇ ಇರಲಿ. ಆ ಬಗೆಯ ಗ್ಯಾಸ್ಕೆಟ್ಟಿಗೆ ಮುಖಗಳು ತುಂಬಾ ನಯವಾಗಿರಬೇಕು ಎಂದು ಶಾಪಿನವರಿಗೆ ಮೊದಲೇ ಹೇಳಿ. ಹೆಡ್ ಬೋಲ್ಟುಗಳ ಕ್ರಮ ಬೇರೆ ಎಂಜಿನ್ನುಗಳಂತಲ್ಲ: ಎರಡು ಹಂತದಲ್ಲಿ ಬಿಗಿಮಾಡಿ, ಎರಡು ಸಲ ಅರ್ಧ ಸುತ್ತು ಸಡಿಲಿಸಿ, ಮತ್ತೆ ಕಡಿಮೆ ಬಲದಲ್ಲಿ ಬಿಗಿದು, ಕೊನೆಗೆ ಎರಡು ಸಲ 80ರಿಂದ 90 ಡಿಗ್ರಿ ತಿರುಗಿಸಬೇಕು. ಎಳೆಗಳಿಗೂ ವಾಷರುಗಳಿಗೂ ಆಯಿಲ್ ಸವರದಿದ್ದರೆ ಈ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಯಾವ ಹಂತಕ್ಕೆ ಎಷ್ಟು ಬಲ ಎಂಬುದನ್ನು ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನ್ಯುಯಲ್ಲಿನಿಂದಲೇ ತೆಗೆದುಕೊಳ್ಳಿ. ಇಜೆ ಕುಟುಂಬದ ಇನ್ನೊಂದು ಎಂಜಿನ್ನಿನ ಅಂಕಿ ಇದಕ್ಕೆ ಒಗ್ಗುವುದಿಲ್ಲ.

ಅದೇ ಇಜೆ25ಡಿಯ ಹಳೆಯ ಎಂಜಿನ್ ತರುವ ಆಲೋಚನೆಯನ್ನು ನಾನು ಒಪ್ಪುವುದಿಲ್ಲ. ಅದರ ಗ್ಯಾಸ್ಕೆಟ್ಟೂ ಅಷ್ಟೇ ಹಳೆಯದು, ಅದರ ಚರಿತ್ರೆ ನಿಮಗೆ ಗೊತ್ತಿಲ್ಲ, ಮತ್ತು ಮಾರುವವರು ಹೇಳುವ ಕಿಲೋಮೀಟರ್ ಲೆಕ್ಕಕ್ಕೆ ಆಧಾರ ಇರುವುದಿಲ್ಲ.

ಹೀಗಾಗಿ ಉಳಿಯುವುದು ಇಜೆ22, ಅಂದರೆ 2.2 ಲೀಟರಿನ ಎಂಜಿನ್. ಸುಮಾರು 30 ಕುದುರೆಶಕ್ತಿಯನ್ನು ಕಳೆದುಕೊಳ್ಳುತ್ತೀರಿ, ಏಕೆಂದರೆ ನಿಮ್ಮದು ಸುಮಾರು 165, ಅದು ಸುಮಾರು 135. ಏರಿನಲ್ಲಿ ಭರ್ತಿ ಸಾಮಾನಿನೊಂದಿಗೆ ಹೋಗುವಾಗ ಇದು ಖಂಡಿತ ಗೊತ್ತಾಗುತ್ತದೆ. ಅದಕ್ಕೆ ಬದಲಾಗಿ ಗ್ಯಾಸ್ಕೆಟ್ ವಿಷಯದಲ್ಲಿ ಬಹಳ ಗಟ್ಟಿಯಾದ, ಪ್ರತಿ ಬದಿಗೆ ಒಂದೇ ಕ್ಯಾಮ್ ಇರುವ, ಕೆಲಸಕ್ಕೆ ಸುಲಭವಾದ ಎಂಜಿನ್ ಸಿಗುತ್ತದೆ. 1996ರವರೆಗಿನ ಇಜೆ22ಗಳಲ್ಲಿ ಟೈಮಿಂಗ್ ಬೆಲ್ಟ್ ತುಂಡಾದರೂ ವಾಲ್ವುಗಳು ಪಿಸ್ಟನ್ನಿಗೆ ಬಡಿಯುವುದಿಲ್ಲ, ಹೈಡ್ರಾಲಿಕ್ ಅಡ್ಜಸ್ಟರ್ ಇರುವುದರಿಂದ ವಾಲ್ವ್ ಕ್ಲಿಯರೆನ್ಸ್ ನೋಡುವ ಕೆಲಸವೂ ಇಲ್ಲ. 1997ರಿಂದ ಈ ಎರಡೂ ಅನುಕೂಲಗಳು ಹೋದವು.

ಯಾವ ವರ್ಷದ್ದನ್ನು ಹುಡುಕಬೇಕು ಎಂಬುದನ್ನು ಎಗ್ಸಾಸ್ಟ್ ಪೋರ್ಟ್ ನಿರ್ಧರಿಸುತ್ತದೆ. ನಿಮ್ಮ 2.5ರ ಪ್ರತಿ ಹೆಡ್ಡಿನ ಅಡಿಯಲ್ಲಿ ಎರಡೆರಡು ಪೋರ್ಟುಗಳಿವೆ, ಎಗ್ಸಾಸ್ಟ್ ಪೈಪಿನ ಫ್ಲ್ಯಾಂಜ್ ಅದಕ್ಕೆ ಹೊಂದಿಕೊಂಡಿದೆ. 1995ರವರೆಗಿನ ಇಜೆ22ರಲ್ಲೂ ಎರಡು ಪೋರ್ಟು, 1996ರಿಂದ ಒಂದೇ. ಒಂದು ಪೋರ್ಟಿನದು ಸಿಕ್ಕರೆ ಅದರ ಮುಂಭಾಗದ ಎಗ್ಸಾಸ್ಟ್ ಪೈಪನ್ನೂ ಜೊತೆಗೇ ಕೊಳ್ಳಬೇಕಾಗುತ್ತದೆ. ಇನ್ನೊಂದು ಕೊಕ್ಕೆ ಇಜಿಆರ್, ಅಂದರೆ ಉರಿದ ಅನಿಲದ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ: ನಿಮ್ಮ ಗಾಡಿಯಲ್ಲಿ ಇಜಿಆರ್ ವಾಲ್ವ್ ಇದ್ದು, ತಂದ ಎಂಜಿನ್ನಿನಲ್ಲಿ ಇಲ್ಲದಿದ್ದರೆ ಚೆಕ್ ಎಂಜಿನ್ ದೀಪ ಆರುವುದಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದ್ದ 1995ರ ಲೆಗಸಿಯ ಎಂಜಿನ್ನನ್ನೇ ಬಲ್ಲವರು ಹುಡುಕುವುದು ಈ ಎರಡು ಕಾರಣಕ್ಕೆ. ಅದು ತನ್ನ ಇನ್‌ಟೇಕ್ ಮ್ಯಾನಿಫೋಲ್ಡ್ ಮತ್ತು ವೈರಿಂಗ್ ಸಮೇತ ಕೂತು, ನಿಮ್ಮ ಗಾಡಿಯ ಕನೆಕ್ಟರುಗಳಿಗೇ ಸೇರಿಕೊಳ್ಳುತ್ತದೆ, ನಿಮ್ಮ ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಅದನ್ನು ಚೆನ್ನಾಗಿಯೇ ಓಡಿಸುತ್ತದೆ. 1999ರಿಂದೀಚಿನ ಎರಡನೇ ಹಂತದ ಎಂಜಿನ್ನುಗಳ ಗೊಡವೆ ಬೇಡ. ಅವುಗಳ ಕ್ಯಾಮ್ ಸೆನ್ಸರಿನ ಹಲ್ಲುಗಳ ವಿನ್ಯಾಸವೇ ಬೇರೆ. ಕೊಳ್ಳುವ ಮೊದಲು ಓವರ್‌ಫ್ಲೋ ಡಬ್ಬಿಯನ್ನೂ ಹಳೆಯ ಆಯಿಲ್ಲನ್ನೂ ನೋಡಿ, ಪ್ಲಗ್ಗುಗಳನ್ನು ಬಿಚ್ಚಿ ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಸುತ್ತು ತಿರುಗಿಸಿ, ಸಾಧ್ಯವಾದರೆ ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅಳೆಯುವುದು) ಮಾಡಿಸಿ.

ಇಳಿಸುವ ಕೆಲಸದಲ್ಲಿ ಬೆದರುವಂಥದ್ದು ಹೆಚ್ಚಿಲ್ಲ. ಎಸಿ ಕಂಪ್ರೆಸರನ್ನು ಕೊಳವೆ ಬಿಚ್ಚದೆ ಪಕ್ಕಕ್ಕೆ ಸರಿಸಿ ಕಟ್ಟಿ, ಪವರ್ ಸ್ಟೀರಿಂಗ್ ಪಂಪಿಗೂ ಅದೇ ಉಪಚಾರ. ಪೆಟ್ರೋಲ್ ಕೊಳವೆಗಳಲ್ಲಿನ ಒತ್ತಡ ಇಳಿಸಲು ಫ್ಯುಯೆಲ್ ಪಂಪಿನ ಕನೆಕ್ಟರ್ ಕಿತ್ತು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಎಂಜಿನ್ನಿಗೆ ಕೂಡುವ ಗೇರ್‌ಬಾಕ್ಸಿನ ಮುಂಭಾಗದ ಕವಚ, ಅಂದರೆ ಬೆಲ್‌ಹೌಸಿಂಗಿನ ಡೋವೆಲ್ ಪಿನ್ನುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸುತ್ತಲೂ ಸ್ವಲ್ಪ ಸ್ವಲ್ಪವೇ ಬಿಡಿಸಿ. ಒಂದೇ ಕಡೆ ಸನ್ನೆಕೋಲು ಹಾಕಿದರೆ ಅಲ್ಯೂಮಿನಿಯಂ ಮುಖ ಹಾಳಾಗುತ್ತದೆ.

ನಿಮ್ಮದು ಆಟೊಮ್ಯಾಟಿಕ್ ಆದ್ದರಿಂದ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ವಿಷಯವನ್ನು ಸ್ವಲ್ಪ ನಿಧಾನವಾಗಿ ಓದಿ. ಅದನ್ನು ಕ್ರ್ಯಾಂಕಿನ ಹಿಂತುದಿಯ ತಟ್ಟೆಗೆ, ಅಂದರೆ ಫ್ಲೆಕ್ಸ್ ಪ್ಲೇಟಿಗೆ ಹಿಡಿದಿರುವ ನಾಲ್ಕು ಬೋಲ್ಟುಗಳನ್ನು ಬೆಲ್‌ಹೌಸಿಂಗಿನ ಮೇಲ್ಭಾಗದ ಸಣ್ಣ ಕಿಂಡಿಯಿಂದ, ಕ್ರ್ಯಾಂಕ್ ತಿರುಗಿಸುತ್ತಾ ಒಂದೊಂದಾಗಿ ತೆಗೆಯಬೇಕು. ಸಾಕೆಟ್ಟಿನೊಳಗೆ ಸ್ವಲ್ಪ ಗ್ರೀಸ್ ಹಚ್ಚಿದರೆ ಬೋಲ್ಟು ಅಂಟಿಕೊಂಡೇ ಹೊರಬರುತ್ತದೆ. ಒಳಗೆ ಬಿದ್ದರೆ ಆಯಸ್ಕಾಂತದ ಕಡ್ಡಿ ಹಿಡಿದು ಬಹಳ ಹೊತ್ತು ಕೂರಬೇಕಾಗುತ್ತದೆ. ಎಂಜಿನ್ ಹೊರಬರುವಾಗ ಕನ್ವರ್ಟರ್ ಗೇರ್‌ಬಾಕ್ಸಿನಲ್ಲೇ ಉಳಿಯಬೇಕು. ಅದು ಒಂದಿಷ್ಟು ಹೊರಗೆ ಸರಿದರೂ ಮರಳಿ ಕೂರಿಸುವ ಮೊದಲು ಅದನ್ನು ಒತ್ತುತ್ತಾ ತಿರುಗಿಸಿ, ಒಳಗಿನ ಎಲ್ಲ ಹಂತಗಳಲ್ಲೂ ಸಿಕ್ಕಿ ಪೂರ್ತಿ ಹಿಂದೆ ಸರಿಯುವಂತೆ ಮಾಡಬೇಕು. ಎಂಜಿನ್ನನ್ನು ಜೋಡಿಸುವಾಗ ಎರಡು ಮುಖಗಳು ಕೈಬಲದಲ್ಲೇ ಕೂಡಬೇಕು. ಉಳಿದ ಸಂದನ್ನು ಬೋಲ್ಟಿನಿಂದ ಎಳೆದು ಮುಚ್ಚಲು ಹೊರಟರೆ ಗೇರ್‌ಬಾಕ್ಸಿನ ಆಯಿಲ್ ಪಂಪ್ ಒಡೆಯುತ್ತದೆ, ಆಮೇಲೆ ನೀವು ಗೇರ್‌ಬಾಕ್ಸ್ ಹುಡುಕಬೇಕಾಗುತ್ತದೆ.

ತಂದ ಎಂಜಿನ್ ಸ್ಟ್ಯಾಂಡಿನ ಮೇಲಿರುವಾಗಲೇ ಕೈಗೆಟಕುವ ಎಲ್ಲ ಸೀಲುಗಳನ್ನೂ ಬದಲಿಸಿ: ಕ್ಯಾಮ್ ಸೀಲು, ಕ್ರ್ಯಾಂಕಿನ ಮುಂದಿನ ಸೀಲು, ವಾಲ್ವ್ ಕವರ್ ಗ್ಯಾಸ್ಕೆಟ್, ಆಯಿಲ್ ಪಂಪಿನ ಹಿಂದಿನ ಓ-ರಿಂಗ್. ಆಯಿಲ್ ಪಂಪನ್ನು ಬಿಚ್ಚಿದಾಗ ಅದರ ಹಿಂಬದಿಯ ತಗಡಿನ ಸ್ಕ್ರೂಗಳನ್ನು ತಪ್ಪದೆ ನೋಡಿ, ಅವು ಸಡಿಲವಾಗಿರುವುದು ಸಾಮಾನ್ಯ. ಬ್ಲಾಕಿನ ಹಿಂಭಾಗದ ಆಯಿಲ್ ಸೆಪರೇಟರ್ ತಗಡು ಪ್ಲಾಸ್ಟಿಕ್ಕಿನದಾಗಿದ್ದರೆ ಲೋಹದ್ದನ್ನು ಹಾಕಿ. ಕ್ರ್ಯಾಂಕಿನ ಹಿಂದಿನ ಮೇನ್ ಸೀಲಿನ ಸುತ್ತ ಒದ್ದೆಯಿಲ್ಲದೆ, ಅದು ಸೋರದೆ ಇದ್ದರೆ ಅದನ್ನು ಮಾತ್ರ ಮುಟ್ಟಬೇಡಿ. ಟೈಮಿಂಗ್ ಬೆಲ್ಟಿನ ಜೊತೆಗೆ ಟೆನ್ಷನರ್, ಹಲ್ಲಿರುವ ಐಡ್ಲರ್, ನಯ ಐಡ್ಲರುಗಳು, ವಾಟರ್ ಪಂಪ್ ಎಲ್ಲವನ್ನೂ ಒಟ್ಟಿಗೇ ಬದಲಿಸುವುದು ಒಳ್ಳೆಯದು, ಏಕೆಂದರೆ ಬೆಲ್ಟು ತಾನಾಗಿ ಹರಿಯುವುದಕ್ಕಿಂತ ಐಡ್ಲರಿನ ಬೇರಿಂಗ್ ಸಿಕ್ಕಿಕೊಂಡು ಅದನ್ನು ಹರಿಯುವುದೇ ಹೆಚ್ಚು.

ಬೆಲ್ಟು ಕೂರಿಸುವಾಗ ಹೊಸಬರನ್ನು ದಾರಿ ತಪ್ಪಿಸುವುದು ಕ್ರ್ಯಾಂಕ್ ಸ್ಪ್ರಾಕೆಟ್ಟಿನ ಮೇಲಿನ ಬಾಣದ ಗುರುತು. ಟೈಮಿಂಗ್ ಹೊಂದಿಸಬೇಕಾದದ್ದು ಅದರಿಂದಲ್ಲ. ಸ್ಪ್ರಾಕೆಟ್ಟಿನ ಹಿಂಭಾಗದ ಸೆನ್ಸರ್ ಹಲ್ಲಿನ ಮೇಲೆ ಕೆತ್ತಿದ ಸಣ್ಣ ಗೆರೆಯನ್ನು ನೆತ್ತಿಗೆ ತಂದು ಆಯಿಲ್ ಪಂಪಿನ ಮೇಲಿನ ಗುರುತಿಗೆ ಹೊಂದಿಸಬೇಕು. ಹೀಗೆ ಹೊಂದಿಸಿದಾಗ ನಾಲ್ಕೂ ಪಿಸ್ಟನ್ನುಗಳು ಸಿಲಿಂಡರಿನ ನಡುವೆ ನಿಂತಿರುತ್ತವೆ, ಯಾವುದೂ ಮೇಲ್ತುದಿಯಲ್ಲಿರುವುದಿಲ್ಲ. ಹೀಗೇಕೆ ಎಂದು ಗಾಬರಿಯಾಗಬೇಡಿ. ಟೆನ್ಷನರನ್ನು ವೈಸಿನಲ್ಲಿ ನೆಟ್ಟಗೆ ಹಿಡಿದು ಬಹಳ ನಿಧಾನವಾಗಿ ಒತ್ತಿ ಪಿನ್ ಹಾಕಬೇಕು, ಅವಸರಪಟ್ಟರೆ ಅದರ ಒಳಗಿನ ಸೀಲು ಹೋಗುತ್ತದೆ. ಪಿನ್ ತೆಗೆದ ಮೇಲೆ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ಕೈಯಿಂದ ತಿರುಗಿಸಿ ಏನೂ ತಡೆಯುತ್ತಿಲ್ಲ ಎಂದು ನೋಡಿಕೊಳ್ಳಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಅದು ಸಡಿಲವಾಗಿ ಉಳಿದರೆ ಪುಲ್ಲಿ ಅಲುಗಾಡಿ ಕ್ರ್ಯಾಂಕಿನಲ್ಲಿ ಕೀಲಿ ಕೂರುವ ಸೀಳನ್ನೇ ಅಗಲ ಮಾಡುತ್ತದೆ, ಆಗ ಕ್ರ್ಯಾಂಕೇ ಕೆಟ್ಟಂತೆ.

ಎಲ್ಲ ಜೋಡಿಸಿದ ಮೇಲೆ ಕೂಲಂಟನ್ನು ಮೊದಲು ರೇಡಿಯೇಟರಿಗೆ ಸುರಿಯಬೇಡಿ. ಮೇಲಿನ ದಪ್ಪ ಕೊಳವೆಯನ್ನು ರೇಡಿಯೇಟರಿನ ತುದಿಯಲ್ಲಿ ಕಳಚಿ, ಅದರ ಮೂಲಕ ಬ್ಲಾಕನ್ನು ತುಂಬಿ, ಕೊಳವೆ ಸೇರಿಸಿದ ಬಳಿಕ ರೇಡಿಯೇಟರಿನ ಗಾಳಿ ಸ್ಕ್ರೂ ಬಿಚ್ಚಿಟ್ಟು ಉಳಿದದ್ದನ್ನು ತುಂಬಿ. ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಓಡಿಸಿ. ಒಳಗೆ ಬೀಸುವ ಗಾಳಿ ಒಮ್ಮೆ ಬಿಸಿ, ಒಮ್ಮೆ ತಣ್ಣಗೆ ಬಂದರೆ ಇನ್ನೂ ಗಾಳಿ ಉಳಿದಿದೆ ಎಂದರ್ಥ. ಹಳೆಯ ಕೂಲಂಟ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದೇ ರೇಡಿಯೇಟರನ್ನು ಹೊಸ ಎಂಜಿನ್ನಿಗೆ ಕೊಡಬೇಡಿ. ಥರ್ಮೋಸ್ಟಾಟ್ ಕೂಡ ಕಂಪನಿಯದೇ ಇರಲಿ. ಈ ಎಂಜಿನ್ನುಗಳಲ್ಲಿ ಅದು ಕೆಳಗೆ, ವಾಟರ್ ಪಂಪಿನ ಒಳಹರಿವಿನ ಬಾಯಿಯಲ್ಲಿ ಇರುವುದರಿಂದ ಅಗ್ಗದ ಥರ್ಮೋಸ್ಟಾಟಿನ ಕೊರತೆ ಬೇಗ ತೋರುತ್ತದೆ.

ಮೊದಲ ಕೆಲವು ಓಟಗಳಲ್ಲಿ ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬದೆ, ಸ್ಕ್ಯಾನ್ ಉಪಕರಣದಲ್ಲಿ ಕೂಲಂಟಿನ ನಿಜವಾದ ಡಿಗ್ರಿಯನ್ನು ನೋಡುತ್ತಿರಿ, ಏಕೆಂದರೆ ಆ ಮುಳ್ಳು ಸಾಕಷ್ಟು ಏರಿಳಿತವನ್ನು ನಡುವಿನಲ್ಲೇ ನಿಂತು ಮುಚ್ಚಿಡುತ್ತದೆ. ಸುಮಾರು 95 ಡಿಗ್ರಿಗೆ ಫ್ಯಾನುಗಳು ತಿರುಗಬೇಕು, ಬಿಸಿ ಅಲ್ಲಿಂದ ಇಳಿಯಬೇಕು. ಪ್ರತಿ ಓಟದ ಮರುದಿನ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳ ತೆಗೆದು ಕೂಲಂಟ್ ಮಟ್ಟ ನೋಡಿ. ಸಿಕ್ಕಿಕೊಂಡಿದ್ದ ಗಾಳಿ ಹೊರಬರುವ ತನಕ ಮಟ್ಟ ಸ್ವಲ್ಪ ಸ್ವಲ್ಪ ಇಳಿಯುವುದು ಸಹಜ. ಆಮೇಲೂ ಇಳಿಯುತ್ತಲೇ ಇದ್ದರೆ ಬೇರೇನನ್ನೂ ಬಿಚ್ಚುವ ಮೊದಲು ಹೋಸ್ ಕ್ಲಿಪ್ಪುಗಳನ್ನೂ ವಾಟರ್ ಪಂಪಿನ ಕೆಳ ಅಂಚನ್ನೂ ಒಣಬಟ್ಟೆಯಿಂದ ಒರೆಸಿ ನೋಡಿ.