ಕೇಬಲ್ ತುಂಡಾಗಿಲ್ಲ, ಸೈಕಲ್ ಮಾತ್ರ ಇಲ್ಲ

ಪ್ರಶ್ನೆ: ಬೈತಖೋಲದ ಮೀನುಗಾರಿಕಾ ಬಂದರಿನ ಬಳಿ ದೀಪದ ಕಂಬಕ್ಕೆ ಕಟ್ಟಿ ನಿಲ್ಲಿಸಿದ್ದ ನನ್ನ ಸೈಕಲ್ ಕಳುವಾಗಿದೆ. ನಾಲ್ಕು ಅಂಕಿಯ ಕೇಬಲ್ ಬೀಗ ಕಂಬದ ಬುಡದಲ್ಲಿ ತೆರೆದುಕೊಂಡು ಬಿದ್ದಿತ್ತು. ಕತ್ತರಿಸಿದ ಗುರುತಿಲ್ಲ. ನಂಬರನ್ನು ಮನೆಯವರಿಗೂ ಹೇಳಿರಲಿಲ್ಲ. ಕಳ್ಳನಿಗೆ ಹೇಗೆ ತಿಳಿಯಿತು? ಬೀಗದ ಚಿತ್ರ ಕಳಿಸಿದ್ದೇನೆ.
– ಓದುಗರು, ಕಾರವಾರ

ಉತ್ತರ: ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಎಡಗಡೆಯ ಮೂರು ಗಾಲಿಗಳ ಸಂದಿಯಲ್ಲಿ ಕಂದು ತುಕ್ಕು, ಅದರ ಮೇಲೆ ಉಪ್ಪಿನ ಬಿಳಿ ಪುಡಿ ಕೂತಿದೆ. ನಾಲ್ಕನೆಯದರ ಸಂದಿ ಮಾತ್ರ ಸ್ವಚ್ಛ, ಅಂಕಿಗಳ ಬಣ್ಣವೂ ಸವೆದಿದೆ. ಬೀಗ ಹಾಕಿದ ಮೇಲೆ ನೀವು ತಿರುಗಿಸುತ್ತಿದ್ದದ್ದು ಆ ಕೊನೆಯ ಗಾಲಿಯೊಂದನ್ನೇ, ಅಲ್ಲವೇ? ಹಾಗಿದ್ದರೆ ಕಳ್ಳನಿಗೆ ನಂಬರ್ ಗೊತ್ತಿರಬೇಕಾಗಿಯೇ ಇರಲಿಲ್ಲ. ನಾಲ್ಕು ಅಂಕಿಯ ಬೀಗದಲ್ಲಿ 10,000 ಜೋಡಣೆಗಳಿವೆ ನಿಜ. ಆದರೆ ಮೂರು ಅಂಕಿ ಮೊದಲೇ ಸರಿಯಾಗಿ ನಿಂತಿದ್ದರೆ ಉಳಿಯುವುದು ಹೆಚ್ಚೆಂದರೆ ಒಂಬತ್ತು ಪ್ರಯತ್ನ. ಅರ್ಧ ನಿಮಿಷವೂ ಬೇಡ.

ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಕಡಲ ಗಾಳಿಗೆ ಬಿಗಿದುಕೊಂಡ ಗಾಲಿಗಳನ್ನು ದಿನವೂ ತಿರುಗಿಸಿದರೆ ಬೆರಳು ನೋಯುತ್ತದೆ. ಎಷ್ಟೋ ಜನ ಹೀಗೇ ಮಾಡುತ್ತಾರೆ.

ನಾಲ್ಕನ್ನೂ ತಿರುಗಿಸಿಟ್ಟಿದ್ದರೂ ಅಗ್ಗದ ಬೀಗಕ್ಕೆ ಇನ್ನೊಂದು ದೌರ್ಬಲ್ಯವಿದೆ. ಒಂದು ಕೈಯಲ್ಲಿ ಕೇಬಲನ್ನು ಹೊರಗೆಳೆದು ಹಿಡಿದು, ಇನ್ನೊಂದು ಕೈಯಲ್ಲಿ ಗಾಲಿಗಳನ್ನು ಆಡಿಸಿದರೆ ಒಂದು ಮಾತ್ರ ಹೆಚ್ಚು ಬಿಗಿಯಾಗಿರುತ್ತದೆ. ಅದನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಸರಿಯಾದ ಅಂಕಿ ಬಂದಾಗ ಕೇಬಲ್ ಕೂದಲೆಳೆಯಷ್ಟು ಹೊರಗೆ ಸರಿಯುತ್ತದೆ. ಆಮೇಲೆ ಮುಂದಿನ ಗಾಲಿ. ಪಳಗಿದ ಬೆರಳಿಗೆ ಇದೇನೂ ಕಷ್ಟವಲ್ಲ.

ಹೊಸದಾಗಿ ಕೊಳ್ಳುವುದಾದರೆ ಗಟ್ಟಿ ಉಕ್ಕಿನ, ಯು ಆಕಾರದ, ಕೀಲಿಕೈ ಇರುವ ಬೀಗವನ್ನೇ ಕೊಳ್ಳಿ. ಕೇಬಲ್ ಬೀಗಗಳನ್ನು ನಾನು ಒಪ್ಪುವುದಿಲ್ಲ. ಸಣ್ಣ ಕಟರ್‌ಗೂ ಅವು ತುಂಡಾಗುತ್ತವೆ. ಕೀಲಿಕೈ ಕೊಳವೆಯಾಕಾರದ್ದಾಗಿದ್ದರೆ ಯೋಚಿಸಿ: 2004ರಲ್ಲಿ ಅಮೆರಿಕದಲ್ಲಿ ಅಂಥ ದುಬಾರಿ ಬೀಗಗಳೇ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಗೆ ತೆರೆದುಕೊಂಡು, ತಯಾರಕರು ಬದಲಿ ಬೀಗ ಕೊಡಬೇಕಾಯಿತು. ಬೀಗದೊಳಗೆ ಫ್ರೇಮ್ ಮತ್ತು ಹಿಂದಿನ ಚಕ್ರ ಎರಡೂ ಬರಲಿ. ತೆಂಗಿನೆಣ್ಣೆ ಬಿಡಬೇಡಿ, ಅದು ಅಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕು.

ಹಳೆಯ ಬೀಗವನ್ನು ಮಾತ್ರ ಒರೆಸಬೇಡಿ, ಎಣ್ಣೆ ಹಾಕಬೇಡಿ. ಕಳ್ಳನ ಬೆರಳಚ್ಚು ಉಳಿದಿರಬಹುದು. ಕಾಗದದ ಲಕೋಟೆಯಲ್ಲಿಟ್ಟು ಪೊಲೀಸ್ ಠಾಣೆಗೆ ಒಯ್ಯಿರಿ. ಫ್ರೇಮ್ ಸಂಖ್ಯೆ ಸಾಮಾನ್ಯವಾಗಿ ಪೆಡಲ್ ಅಚ್ಚಿನ ಕೆಳಗೆ ಕೊರೆದಿರುತ್ತದೆ. ಕೊಂಡಾಗಿನ ಬಿಲ್ಲಿನಲ್ಲಿ ಅದು ಇದೆಯೇ ಎಂದು ಇವತ್ತೇ ಹುಡುಕಿ, ದೂರಿನಲ್ಲಿ ಬರೆಸಿ.