ಪಟ್ಟಿ ಕಳಿಸುವ ಬಟನ್ ಒತ್ತಿದ ಮೇಲೆ

ಪ್ರಶ್ನೆ: ಅಕ್ಕೋರೆ, ನಮಸ್ಕಾರ್ರೀ. ಕಲಬುರಗಿ ಗಂಜಿನ ಒಂದು ಅಡತಿ ಅಂಗಡಿಗೆ ಲಾರಾವೆಲ್ 8 ಅನ್ನೋ ವೆಬ್ ಚೌಕಟ್ಟಿನಾಗ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಟ್ಟೀನಿ. ತೊಗರಿ ಸುಗ್ಗಿಯೊಳಗ ದಿನಾ ಸಂಜೀಕ ಇನ್ನೂರು ರೈತರಿಗೆ ಪಟ್ಟಿಯ (ಮಾಲು ಮಾರಿದ ಲೆಕ್ಕದ ಚೀಟಿ) ಪಿಡಿಎಫ್ ಮಾಡಿ, ಮೊಬೈಲಿಗೆ ಎಸ್ಸೆಮ್ಮೆಸ್ ಕಳಿಸಬೇಕು. ಗುಮಾಸ್ತರು ಬಟನ್ ಒತ್ತಿದರ ಪುಟ ಗಿರಗಿರ ತಿರುಗಿ ಕಡೀಕ 504 (ಹೊತ್ತು ಮೀರಿತು ಅನ್ನೋ ದೋಷ) ಬರ್ತದ. ಅವರು ಮತ್ತೊಮ್ಮೆ ಒತ್ತತಾರ. ಹಿಂಗಾಗಿ ಅರ್ಧ ರೈತರಿಗೆ ಎರಡೆರಡು ಸಲ ಹೋಗ್ಯದ, ಉಳಿದವರಿಗೆ ಒಂದೂ ಇಲ್ಲ. ಆ ಕೆಲಸಾನ ಹಿಂದ ಓಡೋ ‘ಜಾಬ್’ ಮಾಡಿ ಕ್ಯೂಗೆ, ಅಂದ್ರ ಕಾಯೋ ಸಾಲಿಗೆ, ಹಾಕು ಅಂದ್ರು ಗೆಳೆಯರು. ಹಾಕಿದೆ. ಆದರೂ ಅಷ್ಟೇ ನಿಧಾನ. ಎಲ್ಲಿ ತಪ್ಪೀನಿ?
— ಓದುಗ, ಕಲಬುರಗಿ

ಉತ್ತರ: ತಮ್ಮಾ, ನಿನ್ನ ಪತ್ರ ಓದಿದಾಗ ಮೊದಲು ಕಣ್ಣ ಮುಂದೆ ಬಂದವನು ಎರಡು ಎಸ್ಸೆಮ್ಮೆಸ್ ಬಂದ ರೈತ. ಎರಡು ಸಲ ಹಣ ಬರುತ್ತದೆಂದು ಅವನು ತಿಳಿಯಬಹುದು, ಇಲ್ಲವೇ ತನ್ನ ಲೆಕ್ಕವನ್ನು ಯಾರೋ ತಿದ್ದಿದ್ದಾರೆಂದು ಅನುಮಾನಪಡಬಹುದು. ಮರುದಿನ ಕೆಲಸ ಬಿಟ್ಟು ಆಳಂದದಿಂದ ಬಸ್ ಹತ್ತಿ ಕೇಳಲು ಬರುತ್ತಾನೆ. ನಿಧಾನಕ್ಕಿಂತ ಇದು ದೊಡ್ಡ ತಪ್ಪು. ಆದರೂ ನೀನು ಕೇಳಿದ್ದನ್ನು ಮೊದಲು ಮುಗಿಸುತ್ತೇನೆ.

ನಿನ್ನ ಎನ್ವ್ ಫೈಲಿನಲ್ಲಿ, ಅಂದರೆ ಸೆಟ್ಟಿಂಗ್‌ಗಳ ಕಡತದಲ್ಲಿ, ಕ್ಯೂ ಕನೆಕ್ಷನ್ ಎಂಬ ಸಾಲಿದೆ. ಅಲ್ಲಿ ‘ಸಿಂಕ್’ ಎಂದೇ ಉಳಿದಿರಬೇಕು; 8ನೇ ಆವೃತ್ತಿಯಲ್ಲಿ ಹೊಸ ಪ್ರಾಜೆಕ್ಟ್ ಬರುವುದೇ ಹಾಗೆ. ಸಿಂಕ್ ಎಂದರೆ ಜಾಬ್ ಎಲ್ಲಿಯೂ ಕಾಯುವುದಿಲ್ಲ, ಗುಮಾಸ್ತರ ಪುಟ ತಿರುಗುತ್ತಿರುವಾಗಲೇ ಅದರೊಳಗೇ ಓಡುತ್ತದೆ. ಅದನ್ನು ‘ಡೇಟಾಬೇಸ್’ ಎಂದು ಬದಲಿಸು. ಲಾರಾವೆಲ್‌ನ ಆಜ್ಞಾ ಸಾಧನ ಆರ್ಟಿಸನ್‌ನಲ್ಲಿ ‘ಕ್ಯೂ ಟೇಬಲ್’ ಕೊಟ್ಟು ಮೈಗ್ರೇಟ್ ಮಾಡಿದರೆ ‘ಜಾಬ್ಸ್’ ಎಂಬ ಕೋಷ್ಟಕ ತಯಾರಾಗುತ್ತದೆ. ಕಾನ್ಫಿಗ್ ಕ್ಯಾಶ್ ಮಾಡಿಟ್ಟಿದ್ದರೆ ಮತ್ತೊಮ್ಮೆ ಮಾಡು, ಇಲ್ಲದಿದ್ದರೆ ಹಳೆಯ ಸಿಂಕ್ ಹಾಗೇ ಕೂತಿರುತ್ತದೆ. ಇನ್ನು ಬಟನ್ ಒತ್ತಿದರೆ ಕೋಷ್ಟಕದಲ್ಲಿ ಸಾಲು ಬೀಳುವುದಷ್ಟೇ. ಅದನ್ನು ಎತ್ತಿ ಮಾಡುವವನು ‘ಕ್ಯೂ ವರ್ಕ್’ ಆಜ್ಞೆಯಿಂದ ಶುರುವಾಗುವ ವರ್ಕರ್. ಗಂಜಿನಲ್ಲಿ ನೋಡಿಯೇ ಇರುತ್ತೀ: ಬರೆಯುವವನು ಚೀಟಿ ಬರೆದು ಮುಂದಿನ ರೈತನನ್ನು ಕರೆಯುತ್ತಾನೆ, ಚೀಲ ಹೊರುವ ಹಮಾಲರು ಬೇರೆ. ಹಮಾಲರಿಲ್ಲದ ದಿನ ಚೀಟಿ ಎಷ್ಟು ಬರೆದರೂ ಚೀಲ ಕದಲುವುದಿಲ್ಲ.

ಟರ್ಮಿನಲ್‌ನಲ್ಲಿ ಶುರು ಮಾಡಿದ ವರ್ಕರ್ ನಿನ್ನ ಲ್ಯಾಪ್‌ಟಾಪ್ ಮುಚ್ಚಿದೊಡನೆ ನಿಲ್ಲುತ್ತದೆ. ಸರ್ವರ್‌ನಲ್ಲಿ ಸೂಪರ್‌ವೈಸರ್ ಎಂಬ ಕಾವಲು ಪ್ರೋಗ್ರಾಂ ಹಾಕು, ವರ್ಕರ್ ಬಿದ್ದರೆ ಅದೇ ಎಬ್ಬಿಸುತ್ತದೆ. ಕೋಡ್ ಬದಲಿಸಿದಾಗಲೆಲ್ಲ ‘ಕ್ಯೂ ರೀಸ್ಟಾರ್ಟ್’ ಕೊಡಲೇಬೇಕು, ಏಕೆಂದರೆ ವರ್ಕರ್ ಹಳೆಯ ಕೋಡನ್ನೇ ಮೆಮೊರಿಯಲ್ಲಿ ಹಿಡಿದು ಕೂತಿರುತ್ತದೆ.

ಈಗ ಎರಡೆರಡು ಸಲ ಹೋಗುವ ಮಾತು. ಕ್ಯೂ ಹಾಕಿದ ಕೂಡಲೇ ಇದು ತಾನಾಗಿ ನಿಲ್ಲುತ್ತದೆಂದು ತಿಳಿಯಬೇಡ. ನಾನೊಮ್ಮೆ ಒಂದು ಶಾಲೆಗೆ ಫೀ ನೆನಪಿಸುವ ಎಸ್ಸೆಮ್ಮೆಸ್ ಬರೆದುಕೊಟ್ಟಿದ್ದೆ. ನಾನೂರು ಪಾಲಕರು, ಎಲ್ಲರಿಗೂ ಸೇರಿ ಒಂದೇ ಜಾಬ್. ಒಬ್ಬರಿಗೆ ಅರ್ಧ ಸೆಕೆಂಡ್ ಎಂದರೂ 200 ಸೆಕೆಂಡ್ ಬೇಕು. ಟೈಮೌಟ್ (ಜಾಬ್ ಓಡಬಹುದಾದ ಗರಿಷ್ಠ ಸೆಕೆಂಡ್) 300 ಕೊಟ್ಟು, ಟ್ರೈಸ್ (ಎಷ್ಟು ಸಲ ಪ್ರಯತ್ನ) 3 ಎಂದು ಬರೆದು, ಎರಡು ವರ್ಕರ್ ಓಡಿಸಿದೆ. ಕ್ಯೂ ಕಾನ್ಫಿಗ್‌ನಲ್ಲಿ ‘ರೀಟ್ರೈ ಆಫ್ಟರ್’ ಎಂಬ ಸಾಲು ಮೊದಲಿನಿಂದಲೇ 90 ಇರುತ್ತದೆ, ಅದನ್ನು ಮುಟ್ಟಲಿಲ್ಲ. 90 ಸೆಕೆಂಡಾದರೂ ಮುಗಿಯದ ಜಾಬ್ ಸತ್ತಿದೆ ಎಂದು ಲಾರಾವೆಲ್ ತಿಳಿಯುತ್ತದೆ. ಮೊದಲನೇ ವರ್ಕರ್ ನೂರಾ ಎಂಬತ್ತನೇ ಪಾಲಕರ ಹತ್ತಿರ ಇದ್ದಾಗ ಎರಡನೆಯದು ಅದೇ ಜಾಬ್ ಎತ್ತಿಕೊಂಡು ಒಂದನೆಯವರಿಂದ ಶುರು ಮಾಡಿತು. ನಾನೂರು ಮನೆಗೂ ಎರಡೆರಡು. ಫೀ ಕಟ್ಟಿದ್ದ ತಾಯಿಯೊಬ್ಬರು ರಸೀದಿ ಹಿಡಿದುಕೊಂಡು ಶಾಲೆಗೆ ಬಂದಿದ್ದರು. ಅದು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಆದ್ದರಿಂದ ಇನ್ನೂರು ರೈತರಿಗೆ ಇನ್ನೂರು ಜಾಬ್ ಮಾಡು, ಒಂದು ಪಟ್ಟಿಗೆ ಒಂದು. ಒಬ್ಬರ ನಂಬರ್ ತಪ್ಪಿದ್ದರೆ ಆ ಒಂದು ಮಾತ್ರ ‘ಫೇಲ್ಡ್ ಜಾಬ್ಸ್’ ಕೋಷ್ಟಕಕ್ಕೆ ಬೀಳಲಿ, ಉಳಿದವು ಸಾಗಲಿ. ರೀಟ್ರೈ ಆಫ್ಟರ್ ಯಾವಾಗಲೂ ಟೈಮೌಟ್‌ಗಿಂತ ಹೆಚ್ಚಿರಲಿ.

ಇಷ್ಟಾದರೂ ಸಾಲದು. ಪಟ್ಟಿಯ ಕೋಷ್ಟಕದಲ್ಲಿ ಸ್ಥಿತಿಗೊಂದು ಕಾಲಂ ಇಡು: ಬಾಕಿ, ಸಾಲಿನಲ್ಲಿದೆ, ಕಳಿಸುತ್ತಿದೆ, ಹೋಗಿದೆ. ಬಟನ್ ಒತ್ತಿದಾಗ ಪ್ರತಿ ಪಟ್ಟಿಗೂ ‘ಬಾಕಿ ಇದ್ದರೆ ಮಾತ್ರ ಸಾಲಿನಲ್ಲಿದೆ ಎಂದು ಬದಲಿಸು’ ಎಂದು ಒಂದೇ ಅಪ್‌ಡೇಟ್‌ನಲ್ಲಿ ಕೇಳು. ಬದಲಾದ ಸಾಲುಗಳ ಸಂಖ್ಯೆ 1 ಬಂದರೆ ಜಾಬ್ ಹಾಕು, 0 ಬಂದರೆ ಬಿಡು. ಆಮೇಲೆ ಗುಮಾಸ್ತರು ಹತ್ತು ಸಲ ಒತ್ತಲಿ. ಜಾಬ್‌ನೊಳಗೆ ಪಿಡಿಎಫ್ ಮೊದಲು ಮಾಡಿಕೋ. ಎಸ್ಸೆಮ್ಮೆಸ್‌ಗೆ ಮುನ್ನ ಇದೇ ರೀತಿ ‘ಕಳಿಸುತ್ತಿದೆ’ಗೆ ಬದಲಿಸು, 0 ಬಂದರೆ ಅಲ್ಲಿಂದಲೇ ಹಿಂದಿರುಗು. ಎಸ್ಸೆಮ್ಮೆಸ್ ಕಂಪನಿಯ ಸರ್ವರ್ ಸ್ಪಷ್ಟವಾಗಿ ಬೇಡವೆಂದರೆ ‘ಸಾಲಿನಲ್ಲಿದೆ’ಗೆ ಮರಳಿಸಿ ಮತ್ತೆ ಪ್ರಯತ್ನಿಸಲು ಬಿಡು. ಕಳಿಸುವ ಹೊತ್ತಿಗೇ ನಿನ್ನ ಸರ್ವರ್ ಸತ್ತರೆ ಹೋಯಿತೋ ಇಲ್ಲವೋ ಯಾವ ಕೋಡಿಗೂ ತಿಳಿಯದು. ‘ಕಳಿಸುತ್ತಿದೆ’ ಎಂದೇ ಉಳಿದ ಅಂಥ ಪಟ್ಟಿಗಳನ್ನು ಪರದೆಯ ಮೇಲೆ ಕೆಂಪು ಬಣ್ಣದಲ್ಲಿ ತೋರಿಸು. ಗುಮಾಸ್ತರು ಆ ರೈತನಿಗೆ ಫೋನ್ ಮಾಡಿ ಕೇಳಲಿ. ಹಣದ ವಿಷಯದಲ್ಲಿ ಯಂತ್ರ ಊಹಿಸುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು. ಜಾಬ್‌ಗೆ ಪಟ್ಟಿಯ ಮಾಡೆಲ್ (ಕೋಷ್ಟಕದ ಒಂದು ಸಾಲಿನ ಕೋಡ್ ರೂಪ) ಕೊಟ್ಟರೆ ಕ್ಯೂನಲ್ಲಿ ಉಳಿಯುವುದು ಅದರ ಐಡಿ ಮಾತ್ರ. ಓಡುವಾಗ ಡೇಟಾಬೇಸ್‌ನಿಂದ ಹೊಸದಾಗಿ ತರುತ್ತದೆ. ನಡುವೆ ಯಾರಾದರೂ ದರ ತಿದ್ದಿದರೆ ತಿದ್ದಿದ ದರವೇ ರೈತನಿಗೆ ಹೋಗುತ್ತದೆ. ಸಾಲಿಗೆ ಬಿದ್ದ ಪಟ್ಟಿಯನ್ನು ತಿದ್ದಲು ಬಾರದಂತೆ ಬೀಗ ಹಾಕು.

ಪ್ರಶ್ನೆ: ಮೇಡಂ, ನಮ್ಮ ಸಣ್ಣ ಆ್ಯಪ್‌ನ ಕ್ಯೂ ಡೇಟಾಬೇಸ್‌ನಲ್ಲೇ ಇದೆ. ಮೆಮೊರಿಯಲ್ಲೇ ದತ್ತಾಂಶ ಇಡುವ ರೆಡಿಸ್‌ಗೆ ಬದಲಿಸಬೇಕೆ?
— ಓದುಗರು, ಬೀದರ್

ಉತ್ತರ: ದಿನಕ್ಕೆ ಕೆಲವು ನೂರು ಜಾಬ್ ಇದ್ದರೆ ಬೇಡ. ಡೇಟಾಬೇಸ್‌ನಲ್ಲಿದ್ದರೆ ಕಾಯುತ್ತಿರುವ ಕೆಲಸವನ್ನು ಕಣ್ಣಾರೆ ನೋಡಬಹುದು. ಮತ್ತೊಂದು ಲಾಭವೂ ಇದೆ: ಒಂದೇ ಡೇಟಾಬೇಸ್ ಕನೆಕ್ಷನ್‌ನಲ್ಲಿ ಟ್ರಾನ್ಸಾಕ್ಷನ್ ಒಳಗಿನಿಂದ ಜಾಬ್ ಹಾಕಿದರೆ ಅದರಲ್ಲಿ ಬರೆದ ಬಿಲ್ಲೂ ಜಾಬೂ ಒಟ್ಟಿಗೇ ಉಳಿಯುತ್ತವೆ, ಇಲ್ಲವೇ ಒಟ್ಟಿಗೇ ಅಳಿಯುತ್ತವೆ. ರೆಡಿಸ್‌ನಲ್ಲಿ ಬಿಲ್ ಕಮಿಟ್ ಆಗುವ, ಅಂದರೆ ಡೇಟಾಬೇಸ್‌ನಲ್ಲಿ ಖಾಯಂ ಆಗುವ, ಮೊದಲೇ ವರ್ಕರ್ ಬಂದು ಹುಡುಕಿ, ಸಿಗದೆ ಫೇಲ್ ಆಗಬಹುದು. ಮುಂದೆ ಬದಲಿಸುವುದಾದರೆ ಜಾಬ್‌ಗೆ ‘ಆಫ್ಟರ್ ಕಮಿಟ್’ ಸೇರಿಸುವುದನ್ನು ಮರೆಯಬೇಡಿ.